ಮಾಹಿತಿ ಸೋರಿಕೆಯ ರಾಜಿ ಒಪ್ಪಂದದಿಂದ ಪರಿಹಾರ ಪಡೆಯುವುದು ಹೇಗೆ: ಅಮೆರಿಕದಲ್ಲಿ ಅರ್ಜಿ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಕೆಲವು ವರ್ಷ ನೆಲೆಸಿದ ಯಾರ ಅಂಚೆ ಪೆಟ್ಟಿಗೆಗಾದರೂ ಅಂಗೈಯಗಲದ ಒಂದು ಕಾರ್ಡು ಬಂದಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ಒಂದು ಫೆಡರಲ್ ನ್ಯಾಯಾಲಯದ ಹೆಸರು, ಒತ್ತಾಗಿ ಮುದ್ರಿಸಿದ ಎರಡು ಪ್ಯಾರಾ, ನಿಮ್ಮ ವಿಳಾಸದ ಮೇಲ್ಗಡೆ ಅಂಕಿ ಅಕ್ಷರಗಳು ಬೆರೆತ ಒಂದು ಉದ್ದನೆಯ ಗುರುತು ಸಂಖ್ಯೆ ಇರುತ್ತವೆ. ಜಾಹೀರಾತಿನಂತೆ ಕಾಣುವ ಆ ಕಾರ್ಡು ವಾಸ್ತವವಾಗಿ ಕಾನೂನು ನೋಟಿಸು: ಯಾವುದೋ ಕಂಪನಿ ನಿಮ್ಮ ಮಾಹಿತಿಯನ್ನು ಕಾಪಾಡಲಿಲ್ಲವೆಂದು ಹೂಡಿದ ದಾವೆ ರಾಜಿಯಲ್ಲಿ ಮುಗಿಯುತ್ತಿದೆ, ಅದರಲ್ಲಿ ನಿಮಗೂ ಪಾಲಿದೆ, ಅದನ್ನು ಕೇಳಿ ಪಡೆಯಬೇಕಾದವರು ನೀವೇ ಎಂಬುದು ಅದರ ಸಾರಾಂಶ.

ಈ ಬರಹದಲ್ಲಿ ಕೇಳುವ ಕ್ರಮವನ್ನು ಮೊದಲಿಂದ ಕೊನೆಯವರೆಗೆ ವಿವರಿಸಿದ್ದೇನೆ. ನೂರು ಡಾಲರಿನೊಳಗಿನ ಮೊತ್ತ ಪಡೆಯುವವರಿಗೂ ಸಾವಿರಾರು ಡಾಲರ್ ಪಡೆಯುವವರಿಗೂ ಇರುವ ವ್ಯತ್ಯಾಸ ಬಹುಪಾಲು ಅವರು ಇಟ್ಟುಕೊಂಡ ಕಾಗದ ಪತ್ರಗಳಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ದಾಖಲೆಗಳ ಭಾಗವನ್ನು ಹೆಚ್ಚು ವಿಸ್ತಾರವಾಗಿ ಬರೆದಿದ್ದೇನೆ.

ಮೊದಲು ತಿಳಿದಿರಬೇಕಾದದ್ದು: ಹಣ ಎಲ್ಲಿಂದ ಬರುತ್ತದೆ

ಸೋರಿಕೆ ಬಹಿರಂಗವಾದ ಕೆಲವೇ ದಿನಗಳಲ್ಲಿ ಬೇರೆ ಬೇರೆ ಊರುಗಳ ವಕೀಲರು ತೊಂದರೆಗೊಳಗಾದ ಕೆಲವರ ಪರವಾಗಿ ದಾವೆ ಹೂಡುತ್ತಾರೆ. ಅವೆಲ್ಲವೂ ಸಾಮಾನ್ಯವಾಗಿ ಒಂದೇ ನ್ಯಾಯಾಲಯದಲ್ಲಿ ಒಟ್ಟುಗೂಡಿ, ಅದೇ ತೊಂದರೆಗೊಳಗಾದ ಎಲ್ಲರ ಪರವಾದ ಸಾಮೂಹಿಕ ದಾವೆಯಾಗುತ್ತದೆ. ಕಂಪನಿಯು ತನ್ನ ತಪ್ಪನ್ನು ಒಪ್ಪಿಕೊಳ್ಳದೆಯೇ ಒಂದು ಮೊತ್ತ ಕೊಡಲು ಒಪ್ಪಿದಾಗ ರಾಜಿ ಒಪ್ಪಂದ ಸಿದ್ಧವಾಗುತ್ತದೆ. ನ್ಯಾಯಾಧೀಶರು ಅದಕ್ಕೆ ಪ್ರಾಥಮಿಕ ಒಪ್ಪಿಗೆ ಕೊಟ್ಟ ಮೇಲೆ ಎಲ್ಲರಿಗೂ ನೋಟಿಸು ಹೋಗುತ್ತದೆ, ಅರ್ಜಿಗಳು ಬರುತ್ತವೆ, ಆಮೇಲೆ ಬಹಿರಂಗ ವಿಚಾರಣೆ ನಡೆಸಿ, ಒಪ್ಪಂದವು ನ್ಯಾಯಯುತವೂ ಸಮಂಜಸವೂ ಸಾಕಷ್ಟೂ ಆಗಿದೆಯೇ ಎಂದು ಪರಿಶೀಲಿಸಿ ಅಂತಿಮ ಒಪ್ಪಿಗೆ ಕೊಡುತ್ತಾರೆ. ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ 23ನೇ ನಿಯಮವು ವಿಧಿಸುವ ಕ್ರಮ ಇದು.

ಅರ್ಜಿಗಳನ್ನು ಸ್ವೀಕರಿಸಿ, ಪರಿಶೀಲಿಸಿ, ಹಣ ಹಂಚುವ ಕೆಲಸವನ್ನು ಕಂಪನಿಯೂ ಮಾಡುವುದಿಲ್ಲ, ನ್ಯಾಯಾಲಯವೂ ಮಾಡುವುದಿಲ್ಲ. ಅದಕ್ಕೆಂದೇ ನೇಮಕಗೊಂಡ ನಿರ್ವಾಹಕ ಸಂಸ್ಥೆಯೊಂದು ಇರುತ್ತದೆ. ಕ್ರೋಲ್, ಎಪಿಕ್, ಜೆಎನ್‌ಡಿ, ಆಂಜಿಯನ್ ಮುಂತಾದ ಹೆಸರುಗಳು ಪತ್ರಗಳಲ್ಲಿ ಪದೇ ಪದೇ ಕಾಣುತ್ತವೆ. ನಿಮ್ಮ ವ್ಯವಹಾರವೆಲ್ಲ ಈ ಸಂಸ್ಥೆಯೊಂದಿಗೆ. ಮಾಹಿತಿ ಕಳೆದ ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಗಂಟೆಗಟ್ಟಲೆ ಕಾಯುವುದರಿಂದ ಈ ವಿಷಯದಲ್ಲಿ ಪ್ರಯೋಜನವಿಲ್ಲ.

ಇನ್ನೊಂದು ಮಾತನ್ನು ಬಹಳ ಜನ ಗಮನಿಸುವುದಿಲ್ಲ. ನೀವು ಅರ್ಜಿ ಹಾಕದೆ ಸುಮ್ಮನಿದ್ದರೂ, ಹೊರಗುಳಿಯುವುದಾಗಿ ಬರೆದು ತಿಳಿಸದಿದ್ದರೆ, ಅದೇ ಸೋರಿಕೆಯ ಬಗ್ಗೆ ಆ ಕಂಪನಿಯ ಮೇಲೆ ಮುಂದೆ ದಾವೆ ಹೂಡುವ ಹಕ್ಕನ್ನು ಒಪ್ಪಂದದ ಮೂಲಕ ಬಿಟ್ಟುಕೊಟ್ಟಂತಾಗುತ್ತದೆ. ಅಂದರೆ ಮೌನಕ್ಕೆ ಹಣವಿಲ್ಲ, ಹಕ್ಕೂ ಉಳಿಯುವುದಿಲ್ಲ. ಆದ್ದರಿಂದ ಮೊತ್ತ ಚಿಕ್ಕದೆಂದು ಅರ್ಜಿಯನ್ನೇ ಕೈಬಿಡುವುದು ಸರಿಯಾದ ಲೆಕ್ಕಾಚಾರವಲ್ಲ.

ಹೆಜ್ಜೆ 1: ನೀವು ಆ ದಾವೆಯ ವರ್ಗಕ್ಕೆ, ಅಂದರೆ ಪರಿಹಾರಕ್ಕೆ ಅರ್ಹರಾದವರ ಗುಂಪಿಗೆ, ಸೇರುತ್ತೀರಾ ಎಂದು ಖಚಿತಪಡಿಸಿಕೊಳ್ಳಿ

ಪ್ರತಿ ಒಪ್ಪಂದದಲ್ಲೂ ಯಾರು ಅರ್ಹರೆಂಬ ವ್ಯಾಖ್ಯಾನ ಒಂದೇ ವಾಕ್ಯದಲ್ಲಿರುತ್ತದೆ. ಅದನ್ನು ಪದ ಪದವಾಗಿ ಓದಬೇಕು. ಕೆಲವು ವ್ಯಾಖ್ಯಾನಗಳು ಸೋರಿಕೆಯಾದ ಮಾಹಿತಿಯ ಪಟ್ಟಿಯಲ್ಲಿ ಹೆಸರಿರುವವರಿಗೆ ಸೀಮಿತವಾಗಿರುತ್ತವೆ, ಕೆಲವು ಇಂತಿಂಥ ಅವಧಿಯಲ್ಲಿ ಖಾತೆ ಹೊಂದಿದ್ದವರೆಲ್ಲರನ್ನೂ ಒಳಗೊಳ್ಳುತ್ತವೆ. ಬಹಳಷ್ಟು ವ್ಯಾಖ್ಯಾನಗಳಲ್ಲಿ ಬರುವುದು ‘ಅಮೆರಿಕದ ನಿವಾಸಿ’ ಎಂಬ ಪದವೇ ಹೊರತು ‘ಅಮೆರಿಕದ ಪ್ರಜೆ’ ಎಂಬುದಲ್ಲ. ವಿದ್ಯಾರ್ಥಿ ವೀಸಾದಲ್ಲಿದ್ದವರೂ ಎಚ್-1ಬಿ ವೀಸಾದಲ್ಲಿದ್ದವರೂ ತಮಗೆ ಇದು ಸಲ್ಲದೆಂದು ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ವ್ಯಾಖ್ಯಾನ ಪೌರತ್ವವನ್ನು ಕೇಳದಿದ್ದರೆ ಆ ಹಿಂಜರಿಕೆಗೆ ಆಧಾರವಿಲ್ಲ. ದೇಶ ಬಿಟ್ಟು ಮರಳಿದವರು ಮಾತ್ರ, ಯಾವ ದಿನಾಂಕದಂದು ನಿವಾಸಿಯಾಗಿರಬೇಕೆಂದು ಬರೆದಿದೆ ಎಂಬುದನ್ನು ವಿಶೇಷವಾಗಿ ನೋಡಬೇಕು.

ನೋಟಿಸು ಬಂದಿರುವ ನೆನಪಿಲ್ಲದಿದ್ದರೆ ಇಮೇಲಿನ ಸ್ಪ್ಯಾಮ್ ಮತ್ತು ಪ್ರಮೋಷನ್ ವಿಭಾಗಗಳಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿ. ಎರಡು ಬೇರೆ ಬೇರೆ ಪತ್ರಗಳಿರುತ್ತವೆ ಎಂಬುದು ನೆನಪಿರಲಿ: ಸೋರಿಕೆಯಾದ ಸ್ವಲ್ಪ ಕಾಲಕ್ಕೆ ಕಂಪನಿಯೇ ಕಳಿಸುವ ಸೂಚನಾ ಪತ್ರ ಒಂದು, ವರ್ಷಗಳ ನಂತರ ನಿರ್ವಾಹಕ ಸಂಸ್ಥೆ ಕಳಿಸುವ ರಾಜಿ ನೋಟಿಸು ಇನ್ನೊಂದು. ಮೊದಲನೆಯದು ನೀವು ತೊಂದರೆಗೊಳಗಾದಿರಿ ಎಂಬುದಕ್ಕೆ ಒಳ್ಳೆಯ ಸಾಕ್ಷಿ, ಎರಡನೆಯದರಲ್ಲಿ ಅರ್ಜಿಗೆ ಬೇಕಾದ ಗುರುತು ಸಂಖ್ಯೆ ಇರುತ್ತದೆ. ಗುರುತು ಸಂಖ್ಯೆ ಕಳೆದುಹೋಗಿದ್ದರೆ ಅಧಿಕೃತ ಜಾಲತಾಣದಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಿ, ಆಗ ನೀವಿದ್ದ ಹಳೆಯ ವಿಳಾಸ ಮತ್ತು ಇಮೇಲ್ ಹೇಳಿದರೆ ಹುಡುಕಿಕೊಡುತ್ತಾರೆ. ಮನೆ ಬದಲಿಸಿದವರು, ಮದುವೆಯ ನಂತರ ಹೆಸರು ಬದಲಿಸಿದವರು ಹಳೆಯ ವಿವರವನ್ನೇ ಮೊದಲು ಕೊಡಬೇಕು, ಏಕೆಂದರೆ ಕಂಪನಿಯ ಕಡತದಲ್ಲಿರುವುದು ಅದೇ.

ಹೆಜ್ಜೆ 2: ನೋಟಿಸು ಅಸಲಿಯೇ ಎಂದು ಪರೀಕ್ಷಿಸಿ

ಒಮ್ಮೆ ಮಾಹಿತಿ ಕಳೆದುಕೊಂಡವರನ್ನೇ ಮತ್ತೆ ಗುರಿಯಾಗಿಸಿ, ಪರಿಹಾರದ ಹೆಸರಿನಲ್ಲಿ ನಕಲಿ ಇಮೇಲ್ ಕಳಿಸುವ ವಂಚಕರಿದ್ದಾರೆ. ಆದ್ದರಿಂದ ಇಮೇಲಿನಲ್ಲಿರುವ ಕೊಂಡಿಯನ್ನು ಒತ್ತುವ ಬದಲು, ಜಾಲತಾಣದ ವಿಳಾಸವನ್ನು ಬೇರೆ ಮೂಲದಿಂದ ಪಡೆದು ನೀವೇ ಬರೆದುಕೊಂಡು ತೆರೆಯಿರಿ. ನೋಟಿಸಿನಲ್ಲಿ ನ್ಯಾಯಾಲಯದ ಹೆಸರೂ ಪ್ರಕರಣದ ಸಂಖ್ಯೆಯೂ ಇರಲೇಬೇಕು. ಆ ಸಂಖ್ಯೆಯನ್ನು ಫೆಡರಲ್ ನ್ಯಾಯಾಲಯಗಳ ದಾಖಲೆ ವ್ಯವಸ್ಥೆಯಾದ ಪೇಸರ್‌ನಲ್ಲಿ ಹಾಕಿ ನೋಡಬಹುದು. ಅಲ್ಲಿ ಪುಟಕ್ಕೆ 10 ಸೆಂಟ್ ಶುಲ್ಕವಿದ್ದರೂ ಮೂರು ತಿಂಗಳ ಬಳಕೆ 30 ಡಾಲರ್ ಮೀರದಿದ್ದರೆ ಏನೂ ಕಟ್ಟಬೇಕಾಗಿಲ್ಲ. ನ್ಯಾಯಾಧೀಶರ ಪ್ರಾಥಮಿಕ ಒಪ್ಪಿಗೆಯ ಆದೇಶದಲ್ಲಿ ನಿರ್ವಾಹಕ ಸಂಸ್ಥೆಯ ಹೆಸರಿರುತ್ತದೆ. ಅದಕ್ಕೂ ನಿಮ್ಮ ಕೈಯಲ್ಲಿರುವ ನೋಟಿಸಿಗೂ ತಾಳೆಯಾದರೆ ಅನುಮಾನ ಬೇಡ.

ಅರ್ಜಿ ಹಾಕಲು, ಹಣ ಬಿಡುಗಡೆ ಮಾಡಲು, ತೆರಿಗೆ ಮುಂಗಡ ಕಟ್ಟಲು ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸ. ನಿಜವಾದ ಅರ್ಜಿಗೆ ಶುಲ್ಕವಿಲ್ಲ. ಬ್ಯಾಂಕ್ ಖಾತೆಯ ಪಾಸ್‌ವರ್ಡನ್ನೂ ಫೋನಿಗೆ ಬರುವ ಒಟಿಪಿಯನ್ನೂ ಯಾವ ನಿರ್ವಾಹಕ ಸಂಸ್ಥೆಯೂ ಕೇಳುವುದಿಲ್ಲ.

ಹೆಜ್ಜೆ 3: ದಿನಾಂಕಗಳನ್ನು ಬರೆದಿಟ್ಟುಕೊಳ್ಳಿ

ನೋಟಿಸಿನಲ್ಲಿ ನಾಲ್ಕು ದಿನಾಂಕಗಳಿರುತ್ತವೆ: ಹೊರಗುಳಿಯಲು, ಆಕ್ಷೇಪಣೆ ಸಲ್ಲಿಸಲು, ಅರ್ಜಿ ಹಾಕಲು ಇರುವ ಕೊನೆಯ ದಿನಗಳು ಮತ್ತು ಅಂತಿಮ ವಿಚಾರಣೆಯ ದಿನ. ಮೊದಲೆರಡು ಅನೇಕ ವೇಳೆ ಅರ್ಜಿಯ ಗಡುವಿಗಿಂತ ಮೊದಲೇ ಬರುತ್ತವೆ. ಅಂಚೆಯಲ್ಲಿ ಕಳಿಸುವವರು, ಕೊನೆಯ ದಿನದೊಳಗೆ ಅಂಚೆ ಮುದ್ರೆ ಬಿದ್ದರೆ ಸಾಕೇ ಅಥವಾ ಪತ್ರವೇ ತಲುಪಿರಬೇಕೇ ಎಂಬುದನ್ನು ಓದಿ ತಿಳಿಯಬೇಕು. ಇವೆರಡರ ನಡುವೆ ಒಂದು ವಾರದ ವ್ಯತ್ಯಾಸವಾಗಬಹುದು.

ಹೆಜ್ಜೆ 4: ಯಾವ ಬಗೆಯ ಪರಿಹಾರ ಕೇಳಬೇಕೆಂದು ನಿರ್ಧರಿಸಿ

ಇಡೀ ಪ್ರಕ್ರಿಯೆಯಲ್ಲಿ ನಿಜವಾಗಿ ಯೋಚಿಸಬೇಕಾದ ಘಟ್ಟ ಇದೇ. ಒಪ್ಪಂದಗಳ ವಿವರ ಬೇರೆಬೇರೆಯಾದರೂ ಪರಿಹಾರ ಸಾಮಾನ್ಯವಾಗಿ ನಾಲ್ಕು ರೂಪಗಳಲ್ಲಿರುತ್ತದೆ: ಯಾವ ದಾಖಲೆಯೂ ಬೇಡದ ನಿಗದಿತ ನಗದು, ದಾಖಲೆ ಸಹಿತ ತೋರಿಸಿದ ನಷ್ಟದ ಮರುಪಾವತಿ, ಕಳೆದುಹೋದ ಸಮಯಕ್ಕೆ ಗಂಟೆಯ ಲೆಕ್ಕದಲ್ಲಿ ಹಣ, ಮತ್ತು ಕೆಲವು ವರ್ಷಗಳ ಉಚಿತ ಕ್ರೆಡಿಟ್ ನಿಗಾ ಸೇವೆ (ನಿಮ್ಮ ಸಾಲದ ದಾಖಲೆಯ ಮೇಲೆ ಕಣ್ಣಿಟ್ಟು, ಅನುಮಾನಾಸ್ಪದ ಬದಲಾವಣೆ ಕಂಡರೆ ತಿಳಿಸುವ ಸೇವೆ).

ನಿಗದಿತ ನಗದಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಜನರ ಸಾಲದ ಇತಿಹಾಸವನ್ನು ದಾಖಲಿಸಿಡುವ ಇಕ್ವಿಫ್ಯಾಕ್ಸ್ ಕಂಪನಿಯು 2017ರ ಸೆಪ್ಟೆಂಬರಿನಲ್ಲಿ ಬಹಿರಂಗಪಡಿಸಿದ ಸೋರಿಕೆಯಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿತ್ತು. 2019ರ ಜುಲೈನಲ್ಲಿ ರಾಜಿ ಪ್ರಕಟವಾದಾಗ, ಈಗಾಗಲೇ ನಿಗಾ ಸೇವೆ ಹೊಂದಿದ್ದವರಿಗೆ ಅದರ ಬದಲಾಗಿ 125 ಡಾಲರ್ ಸಿಗಬಹುದೆಂಬ ಸುದ್ದಿ ಎಲ್ಲೆಡೆ ಹರಡಿತು. ಆದರೆ ಆ ಆಯ್ಕೆಗೆ ಮೀಸಲಿಟ್ಟಿದ್ದ ನಿಧಿ 3.1 ಕೋಟಿ ಡಾಲರ್ ಮಾತ್ರ. ಭಾಗಿಸಿ ನೋಡಿದರೆ 125 ಡಾಲರಿನಂತೆ ಅದು 2,48,000 ಜನರಿಗಷ್ಟೇ ಸಾಕು. ಅರ್ಜಿಗಳು ಲಕ್ಷಗಳನ್ನು ದಾಟಿ ಬಂದವು, ಪ್ರತಿಯೊಬ್ಬರ ಪಾಲು ಕೆಲವೇ ಡಾಲರಿಗೆ ಇಳಿಯಿತು. ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಜನರಿಗೆ ನಗದಿನ ಬದಲು ನಿಗಾ ಸೇವೆಯನ್ನು ಆಯ್ದುಕೊಳ್ಳುವಂತೆ ಆಗ ಸಲಹೆ ನೀಡಿತ್ತು. ‘ಇಷ್ಟರವರೆಗೆ’ ಎಂಬ ಪದ ಇರುವ ಯಾವ ಮೊತ್ತವನ್ನೂ ಕೈಗೆ ಬರುವ ಮೊತ್ತವೆಂದು ಎಣಿಸಬಾರದು. ಒಪ್ಪಂದದ ಪೂರ್ಣ ಪಠ್ಯದಲ್ಲಿ ಆ ಆಯ್ಕೆಗೆ ಪ್ರತ್ಯೇಕ ಮಿತಿ ಇದೆಯೇ ಎಂದು ನೋಡಿ. ಒಟ್ಟು ಮೊತ್ತದಿಂದ ಮೊದಲು ವಕೀಲರ ಶುಲ್ಕವೂ ಆಡಳಿತ ವೆಚ್ಚವೂ ಕಳೆಯುತ್ತವೆ. ಶುಲ್ಕವೊಂದೇ ನಾಲ್ಕನೇ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚಾಗುವುದು ಅಪರೂಪವಲ್ಲ.

ಟಿ-ಮೊಬೈಲ್ ಕಂಪನಿಯ 2021ರ ಸೋರಿಕೆಯ ರಾಜಿ ಮೊತ್ತ 35 ಕೋಟಿ ಡಾಲರ್. ತೊಂದರೆಗೊಳಗಾದವರು ಸುಮಾರು 7.66 ಕೋಟಿ. ಎಲ್ಲರಿಗೂ ಸಮನಾಗಿ ಹಂಚಿದ್ದರೆ ತಲೆಗೆ ಐದು ಡಾಲರೂ ಬರುತ್ತಿರಲಿಲ್ಲ. ಆದರೆ ಅದೇ ಒಪ್ಪಂದದಲ್ಲಿ ದಾಖಲೆಯಿರುವ ನಷ್ಟಕ್ಕೆ 25,000 ಡಾಲರಿನವರೆಗೆ ಕೇಳಲು ಅವಕಾಶವಿತ್ತು. ನಿಗದಿತ ನಗದು 25 ಡಾಲರ್, ಕ್ಯಾಲಿಫೋರ್ನಿಯಾದವರಿಗೆ 100 ಡಾಲರ್. ಕ್ಯಾಪಿಟಲ್ ಒನ್ ಬ್ಯಾಂಕಿನ 2019ರ ಸೋರಿಕೆಯ 19 ಕೋಟಿ ಡಾಲರ್ ಒಪ್ಪಂದದಲ್ಲೂ ದಾಖಲೆಯುಳ್ಳ ನಷ್ಟಕ್ಕೆ ಮಿತಿ 25,000 ಡಾಲರ್, ಸಮಯಕ್ಕೆ 15 ಗಂಟೆಗಳವರೆಗೆ ಗಂಟೆಗೆ ಕನಿಷ್ಠ 25 ಡಾಲರ್. ಗುರುತಿನ ಕಳವಿನಿಂದ (ತಮ್ಮ ವೈಯಕ್ತಿಕ ಮಾಹಿತಿ ಬಳಸಿ ಬೇರೆಯವರು ಮಾಡಿದ ವಂಚನೆಯಿಂದ) ನಿಜವಾಗಿ ಹಣ ಕಳೆದುಕೊಂಡವರು ಸುಲಭವೆಂದು ನಿಗದಿತ ನಗದಿನ ಚೌಕಕ್ಕೆ ಗುರುತು ಹಾಕಿ ಮುಗಿಸುವುದು ನನಗೆ ಬಹಳ ಬೇಸರ ತರುವ ಸಂಗತಿ. ಎಷ್ಟೋ ಒಪ್ಪಂದಗಳಲ್ಲಿ ಒಂದನ್ನು ಆಯ್ದುಕೊಂಡರೆ ಇನ್ನೊಂದು ಸಿಗುವುದಿಲ್ಲ, ಆಮೇಲೆ ಬದಲಿಸಲು ಬರುವುದೂ ಇಲ್ಲ.

ಕ್ಯಾಲಿಫೋರ್ನಿಯಾದವರಿಗೆ ಹೆಚ್ಚು ಏಕೆ ಎಂದು ಕೇಳುವವರಿದ್ದಾರೆ. ಆ ರಾಜ್ಯದ ಗ್ರಾಹಕ ಖಾಸಗಿತನ ಕಾಯ್ದೆಯು ನಷ್ಟವನ್ನು ಸಾಬೀತುಪಡಿಸದೆಯೇ ಸೋರಿಕೆಗೆ ಇಂತಿಷ್ಟು ಪರಿಹಾರ ಕೇಳುವ ಹಕ್ಕು ಕೊಟ್ಟಿದೆ, ಅದರ ಬೆಲೆ ಒಪ್ಪಂದದಲ್ಲೂ ಪ್ರತಿಫಲಿಸುತ್ತದೆ. ಸೋರಿಕೆಯ ಕಾಲದಲ್ಲಿ ನೀವು ಆ ರಾಜ್ಯದಲ್ಲಿದ್ದು ಈಗ ಬೇರೆಡೆ ಇದ್ದರೆ, ಆಗಿನ ವಿಳಾಸವನ್ನು ತೋರಿಸುವ ವಿದ್ಯುತ್ ಬಿಲ್ಲು ಅಥವಾ ಬ್ಯಾಂಕ್ ಪತ್ರ ಹುಡುಕಿಡಿ.

ಹೆಜ್ಜೆ 5: ದಾಖಲೆಗಳನ್ನು ಕೂಡಿಸಿ

ನಷ್ಟದ ಮರುಪಾವತಿ ಕೇಳುವಾಗ ಪರಿಶೀಲಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾರೆ. ಹಣ ನಿಜವಾಗಿ ಖರ್ಚಾಯಿತೇ? ಅದು ಈ ಸೋರಿಕೆಯಿಂದಲೇ ಆಯಿತೆಂದು ನಂಬಲು ಸಕಾರಣವಿದೆಯೇ? ಬ್ಯಾಂಕು, ವಿಮೆ ಅಥವಾ ಬೇರೆ ಯಾರಾದರೂ ಆ ಹಣವನ್ನು ಈಗಾಗಲೇ ಹಿಂದಿರುಗಿಸಿದ್ದಾರೆಯೇ? ನಿಮ್ಮ ಕಾಗದಗಳು ಈ ಮೂರಕ್ಕೂ ಉತ್ತರ ಹೇಳುವಂತಿರಬೇಕು.

ಮೊದಲ ಪ್ರಶ್ನೆಗೆ ಬ್ಯಾಂಕ್ ಅಥವಾ ಕಾರ್ಡಿನ ತಿಂಗಳ ಸ್ಟೇಟ್‌ಮೆಂಟ್, ರಶೀದಿ, ಇನ್‌ವಾಯ್ಸ್ ಸಾಕು. ಕ್ರೆಡಿಟ್ ವರದಿಗೆ ಕೊಟ್ಟ ಹಣ, ನೋಟರಿ ಶುಲ್ಕ, ಅಂಚೆ ವೆಚ್ಚ, ವಕೀಲರಿಗೋ ಲೆಕ್ಕಿಗರಿಗೋ ಕೊಟ್ಟದ್ದು, ಹಿಂದಿರುಗದ ಕಳ್ಳ ವ್ಯವಹಾರದ ಮೊತ್ತ, ಇವನ್ನೆಲ್ಲ ಬಹುತೇಕ ಒಪ್ಪಂದಗಳು ಪರಿಗಣಿಸುತ್ತವೆ. ನೀವೇ ಕೈಯಿಂದ ಬರೆದ ಪಟ್ಟಿಯೊಂದೇ ಆದರೆ ಅದನ್ನು ದಾಖಲೆಯೆಂದು ಒಪ್ಪುವುದಿಲ್ಲ. ಬೇರೆ ದಾಖಲೆಗಳಿಗೆ ವಿವರಣೆಯಾಗಿ ಅದು ಉಪಯೋಗಕ್ಕೆ ಬರುತ್ತದೆ.

ಎರಡನೆಯ ಪ್ರಶ್ನೆಯೇ ಕಷ್ಟದ್ದು. ಕಳ್ಳ ನಿಮ್ಮ ಮಾಹಿತಿಯನ್ನು ಎಲ್ಲಿಂದ ಪಡೆದನೆಂದು ಯಾರಿಗೂ ಖಡಾಖಂಡಿತವಾಗಿ ಹೇಳಲಾಗದು. ಒಪ್ಪಂದಗಳೂ ಅಷ್ಟು ಕೇಳುವುದಿಲ್ಲ, ಸೋರಿಕೆಗೆ ಸಮಂಜಸವಾಗಿ ಸಂಬಂಧ ಕಲ್ಪಿಸಬಹುದಾದರೆ ಸಾಕೆನ್ನುತ್ತವೆ. ಅದಕ್ಕೆ ಎರಡು ಅಂಶಗಳು ಬೇಕು. ಘಟನೆ ಸೋರಿಕೆಯ ದಿನಾಂಕದ ನಂತರ ನಡೆದಿರಬೇಕು, ಮತ್ತು ದುರ್ಬಳಕೆಯಾದ ಮಾಹಿತಿ ಸೋರಿಕೆಯಾದ ಮಾಹಿತಿಯ ಬಗೆಯದೇ ಆಗಿರಬೇಕು. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸೋರಿದ್ದು, ಆರು ತಿಂಗಳಲ್ಲಿ ನಿಮ್ಮ ಹೆಸರಿನಲ್ಲಿ ಸುಳ್ಳು ತೆರಿಗೆ ರಿಟರ್ನ್ ಸಲ್ಲಿಕೆಯಾಗಿದ್ದರೆ ಸಂಬಂಧ ಸ್ಪಷ್ಟ. ಕೇವಲ ಇಮೇಲ್ ವಿಳಾಸ ಸೋರಿದ್ದು, ಯಾರೋ ನಿಮ್ಮ ಕಾರ್ಡನ್ನು ಪೆಟ್ರೋಲ್ ಬಂಕಿನಲ್ಲಿ ನಕಲು ಮಾಡಿದ್ದರೆ ಸಂಬಂಧ ತೋರಿಸುವುದು ಅಸಾಧ್ಯ. ಇದನ್ನು ಅರ್ಧ ಪುಟದ ವಿವರಣೆಯಾಗಿ ದಿನಾಂಕಗಳ ಕ್ರಮದಲ್ಲಿ ಬರೆದು ಲಗತ್ತಿಸಿ. ಜೊತೆಗೆ ಪೊಲೀಸ್ ದೂರಿನ ಪ್ರತಿ ಇದ್ದರೆ ಅದನ್ನೂ, ಇಲ್ಲದಿದ್ದರೆ ಫೆಡರಲ್ ಟ್ರೇಡ್ ಕಮಿಷನ್ ನಡೆಸುವ ‘ಐಡೆಂಟಿಟಿಥೆಫ್ಟ್ ಡಾಟ್ ಗವ್’ ತಾಣದಲ್ಲಿ ಉಚಿತವಾಗಿ ಸಿದ್ಧವಾಗುವ ಗುರುತಿನ ಕಳವಿನ ವರದಿಯನ್ನೂ ಸೇರಿಸಿ.

ಸಮಯದ ಲೆಕ್ಕವನ್ನು ಜನ ಅತ್ಯಂತ ನಿರ್ಲಕ್ಷ್ಯದಿಂದ ಬರೆಯುತ್ತಾರೆ. ‘ಸುಮಾರು ಹತ್ತು ಗಂಟೆ ವ್ಯರ್ಥವಾಯಿತು’ ಎಂಬ ಒಂದೇ ಸಾಲು ತಿರಸ್ಕಾರವನ್ನು ಕರೆದು ತಂದಂತೆ. ಅದರ ಬದಲು ಹೀಗೆ ಬರೆದು ನೋಡಿ: ‘ಮಾರ್ಚ್ 4, ಸೋಮವಾರ: ಬ್ಯಾಂಕಿನ ವಂಚನೆ ವಿಭಾಗಕ್ಕೆ ಕರೆ, ಎರಡು ವ್ಯವಹಾರಗಳ ಬಗ್ಗೆ ದೂರು, ದೂರಿನ ಸಂಖ್ಯೆ ಪಡೆದೆ, 50 ನಿಮಿಷ. ಮಾರ್ಚ್ 5: ಮೂರು ಕ್ರೆಡಿಟ್ ಸಂಸ್ಥೆಗಳಲ್ಲಿ ಫ್ರೀಜ್ (ನನ್ನ ಹೆಸರಿನಲ್ಲಿ ಹೊಸ ಸಾಲದ ಖಾತೆ ತೆರೆಯದಂತೆ ತಡೆ) ಹಾಕಿಸಿದೆ, 1 ಗಂಟೆ 15 ನಿಮಿಷ. ಮಾರ್ಚ್ 9: ಹೊಸ ಕಾರ್ಡು ಬಂದ ಮೇಲೆ ಏಳು ಕಡೆ ಸ್ವಯಂ ಪಾವತಿಯ ವಿವರ ಬದಲಿಸಿದೆ, 1 ಗಂಟೆ 40 ನಿಮಿಷ.’ ದಿನಾಂಕ, ಮಾಡಿದ ಕೆಲಸ, ಹಿಡಿದ ಹೊತ್ತು ಈ ಮೂರೂ ಪ್ರತಿ ಸಾಲಿನಲ್ಲಿರಲಿ. ಫೋನಿನ ಕರೆ ಪಟ್ಟಿಯಲ್ಲಿ ಕರೆಯ ಅವಧಿ ನಿಮಿಷಗಳ ಸಮೇತ ಇರುತ್ತದೆ, ಅದರ ಚಿತ್ರವನ್ನು ಆಗಲೇ ತೆಗೆದಿಟ್ಟುಕೊಳ್ಳಿ, ಏಕೆಂದರೆ ಹಳೆಯ ಕರೆಗಳು ಪಟ್ಟಿಯಿಂದ ಮಾಯವಾಗುತ್ತವೆ. ಇಕ್ವಿಫ್ಯಾಕ್ಸ್ ಒಪ್ಪಂದದಲ್ಲಿ 10 ಗಂಟೆಗಳವರೆಗೆ ಸ್ವಂತ ವಿವರಣೆ ಸಾಕಾಗಿತ್ತು, ಅದಕ್ಕೆ ಮೇಲ್ಪಟ್ಟು 20 ಗಂಟೆಗಳವರೆಗೆ ಕೇಳಲು ದಾಖಲೆ ಬೇಕಾಗಿತ್ತು. ನೆನಪಿನಿಂದ ಊಹಿಸಿ ಉಬ್ಬಿಸಿ ಬರೆಯುವುದು ಮಾತ್ರ ಕೂಡದು, ಅರ್ಜಿಯ ಕೊನೆಯಲ್ಲಿ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುತ್ತೇನೆಂಬ ಪ್ರಮಾಣಕ್ಕೆ ನೀವು ಸಹಿ ಹಾಕುತ್ತೀರಿ.

ಸೋರಿಕೆಯ ಮೊದಲ ಪತ್ರ ಬಂದ ದಿನವೇ ಒಂದು ಕಡತ ತೆರೆದು, ಎಲ್ಲವನ್ನೂ ಅದರೊಳಗೆ ಹಾಕುತ್ತ ಹೋಗಿ ಎಂದು ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ. ರಾಜಿ ನೋಟಿಸು ಬರುವ ಹೊತ್ತಿಗೆ ಎರಡು ಮೂರು ವರ್ಷಗಳಾಗಿರುತ್ತವೆ, ಬ್ಯಾಂಕಿನ ಆ್ಯಪ್ ಹಳೆಯ ಸ್ಟೇಟ್‌ಮೆಂಟನ್ನು ತೋರಿಸದಿರಬಹುದು, ಮುಚ್ಚಿದ ಖಾತೆಗೆ ಪ್ರವೇಶವೇ ಇರುವುದಿಲ್ಲ.

ಹೆಜ್ಜೆ 6: ಅರ್ಜಿ ತುಂಬಿ ಸಲ್ಲಿಸಿ

ಆನ್‌ಲೈನ್ ಅರ್ಜಿಯೇ ಉತ್ತಮ, ಸಲ್ಲಿಸಿದ ಕೂಡಲೇ ದೃಢೀಕರಣ ಸಂಖ್ಯೆ ಸಿಗುತ್ತದೆ. ಗುರುತು ಸಂಖ್ಯೆ, ಹೆಸರು, ಈಗಿನ ವಿಳಾಸ, ಸೋರಿಕೆಯ ಕಾಲದ ವಿಳಾಸ, ಇಮೇಲ್ ತುಂಬಿದ ಮೇಲೆ ಪರಿಹಾರದ ಆಯ್ಕೆಯ ಪುಟ ಬರುತ್ತದೆ. ನಷ್ಟದ ಪ್ರತಿ ಬಾಬ್ತನ್ನೂ ಬೇರೆ ಬೇರೆ ಸಾಲಿನಲ್ಲಿ, ಲಗತ್ತಿಸುವ ಕಡತಗಳಿಗೂ ಅದೇ ಕ್ರಮಸಂಖ್ಯೆ ಕೊಟ್ಟು ಬರೆಯಿರಿ. ‘1-ನೋಟರಿ-ರಶೀದಿ’, ‘2-ಬ್ಯಾಂಕ್-ಏಪ್ರಿಲ್’ ಎಂಬಂತೆ ಹೆಸರಿಟ್ಟರೆ, ದಿನಕ್ಕೆ ನೂರಾರು ಅರ್ಜಿ ನೋಡುವ ಪರಿಶೀಲಕರಿಗೆ ನಿಮ್ಮದು ತಾನಾಗಿಯೇ ಅರ್ಥವಾಗುತ್ತದೆ.

ಇಲ್ಲಿ ನನ್ನ ಅನುಭವವೊಂದನ್ನು ಹೇಳಬೇಕು. ಒಮ್ಮೆ ನಾನು ಕಾರ್ಡಿನ ವ್ಯವಹಾರದ ಸಾಲನ್ನಷ್ಟೇ ಫೋನಿನಲ್ಲಿ ಚಿತ್ರ ತೆಗೆದು ಲಗತ್ತಿಸಿದ್ದೆ. ಮೊತ್ತವೂ ದಿನಾಂಕವೂ ಸ್ಪಷ್ಟವಾಗಿ ಕಾಣುತ್ತಿದ್ದವು, ಆದರೆ ಆ ಚಿತ್ರದಲ್ಲಿ ನನ್ನ ಹೆಸರೇ ಇರಲಿಲ್ಲ. ಎರಡು ತಿಂಗಳ ನಂತರ ನ್ಯೂನತೆಯ ಪತ್ರ ಬಂತು, ಖಾತೆ ಯಾರದೆಂದು ತಿಳಿಯುವುದಿಲ್ಲ ಎಂಬುದು ಅವರ ಆಕ್ಷೇಪ, ಅದು ನ್ಯಾಯವಾದದ್ದೇ. ಪೂರ್ಣ ಸ್ಟೇಟ್‌ಮೆಂಟಿನ ಪಿಡಿಎಫ್ ಕಳಿಸಿದ ಮೇಲೆ ಕೆಲಸ ಮುಂದುವರಿಯಿತು. ಆದ್ದರಿಂದ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ, ದಿನಾಂಕ ಮತ್ತು ಸಂಬಂಧಿಸಿದ ಸಾಲು ಒಂದೇ ದಾಖಲೆಯಲ್ಲಿ ಕಾಣಲಿ. ಖಾತೆ ಸಂಖ್ಯೆಯ ಉಳಿದ ಅಂಕಿಗಳನ್ನೂ ಸಂಬಂಧವಿಲ್ಲದ ವ್ಯವಹಾರಗಳನ್ನೂ ಕಪ್ಪು ಮಸಿಯಿಂದ ಮುಚ್ಚಬಹುದು.

ಹಣ ಪಡೆಯುವ ವಿಧಾನದ ಪುಟದಲ್ಲಿ ಪೇಪಾಲ್, ವೆನ್ಮೊ, ಜೆಲ್, ಪ್ರೀಪೇಯ್ಡ್ ಕಾರ್ಡು, ಕಾಗದದ ಚೆಕ್ಕು ಮುಂತಾದ ಆಯ್ಕೆಗಳಿರುತ್ತವೆ. ಎರಡು ಮೂರು ವರ್ಷ ಕಳೆದರೂ ನಿಮ್ಮ ಕೈಯಲ್ಲಿರುವ ಇಮೇಲ್ ಮತ್ತು ಖಾತೆಯನ್ನೇ ಕೊಡಿ; ಕಚೇರಿಯ ಇಮೇಲ್ ಕೊಟ್ಟು ಕೆಲಸ ಬದಲಿಸಿದವರು ಹಣ ಕಳೆದುಕೊಂಡಿದ್ದಾರೆ. ದೇಶ ಬಿಟ್ಟು ಹೋಗುವ ಸಾಧ್ಯತೆ ಇರುವವರು ಕಾಗದದ ಚೆಕ್ಕನ್ನು ಆಯ್ದುಕೊಳ್ಳದಿರುವುದು ಒಳಿತು, ಹೊರದೇಶದ ಬ್ಯಾಂಕಿನಲ್ಲಿ ಡಾಲರ್ ಚೆಕ್ಕನ್ನು ನಗದಾಗಿಸುವ ಶುಲ್ಕವೇ ಚೆಕ್ಕಿನ ಮೊತ್ತವನ್ನು ಮೀರಬಹುದು.

ಸಲ್ಲಿಸಿದ ಮೇಲೆ ದೃಢೀಕರಣದ ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಅಂಚೆಯಲ್ಲಿ ಕಳಿಸುವವರು ಮೂಲ ದಾಖಲೆ ಕಳಿಸಬಾರದು, ಪ್ರತಿ ಮಾತ್ರ, ಅದೂ ತಲುಪಿದ್ದಕ್ಕೆ ರಶೀದಿ ಸಿಗುವ ಸರ್ಟಿಫೈಡ್ ಅಂಚೆಯಲ್ಲಿ.

ಅಪ್ರಾಪ್ತ ಮಕ್ಕಳ ಮಾಹಿತಿ ಸೋರಿದ್ದರೆ ತಂದೆ ಅಥವಾ ತಾಯಿ ಅವರ ಪರವಾಗಿ ಅರ್ಜಿ ಹಾಕಬಹುದು. ತೀರಿಕೊಂಡವರ ಪರವಾಗಿ ಕಾನೂನಿನ ಪ್ರತಿನಿಧಿ ಹಾಕಬಹುದು, ಅದಕ್ಕೆ ಮರಣ ಪ್ರಮಾಣಪತ್ರವೂ ಅಧಿಕಾರದ ದಾಖಲೆಯೂ ಬೇಕಾಗುತ್ತವೆ. ಒಂದೇ ಮನೆಯ ನಾಲ್ವರಿಗೆ ನಾಲ್ಕು ನೋಟಿಸು ಬಂದಿದ್ದರೆ ನಾಲ್ಕು ಅರ್ಜಿ ಬೇಕು.

ನಿಗಾ ಸೇವೆ ಮತ್ತು ಫ್ರೀಜ್

ನಗದಿನ ಜೊತೆಗೆ ನಿಗಾ ಸೇವೆಯನ್ನೂ ಕೊಡುವ ಒಪ್ಪಂದವಾದರೆ ಎರಡನ್ನೂ ಕೇಳಿ. ಸೇವೆಯನ್ನು ಆರಂಭಿಸುವ ಸಂಕೇತ ಆಮೇಲೆ ಇಮೇಲಿನಲ್ಲಿ ಬರುತ್ತದೆ, ಅದಕ್ಕೂ ಪ್ರತ್ಯೇಕ ಗಡುವು ಇರುತ್ತದೆ. ಇದಾವುದಕ್ಕೂ ಕಾಯದೆ ಇಂದೇ ಮಾಡಬಹುದಾದ ಕೆಲಸವೆಂದರೆ ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರೂ ಕಡೆ ಕ್ರೆಡಿಟ್ ಫ್ರೀಜ್ ಹಾಕಿಸುವುದು. 2018ರ ಸೆಪ್ಟೆಂಬರಿನಿಂದ ಫೆಡರಲ್ ಕಾನೂನಿನ ಪ್ರಕಾರ ಅದು ಸಂಪೂರ್ಣ ಉಚಿತ, ಹಾಕಿಸುವುದಕ್ಕೂ ತೆಗೆಸುವುದಕ್ಕೂ. ನಿಗಾ ಸೇವೆ ಕಳ್ಳತನ ನಡೆದ ಮೇಲೆ ತಿಳಿಸುತ್ತದೆ. ನಿಮ್ಮ ಹೆಸರಿನಲ್ಲಿ ಹೊಸ ಸಾಲದ ಖಾತೆ ತೆರೆಯುವುದನ್ನು ಫ್ರೀಜ್ ಬಹುಮಟ್ಟಿಗೆ ಮೊದಲೇ ತಡೆಯುತ್ತದೆ.

ಹೊರಗುಳಿಯುವುದು, ಆಕ್ಷೇಪಿಸುವುದು

ನಿಮ್ಮ ನಷ್ಟ ಒಪ್ಪಂದದ ಮಿತಿಗಿಂತ ಬಹಳ ದೊಡ್ಡದಾಗಿದ್ದು, ಸ್ವಂತ ದಾವೆ ಹೂಡಲು ವಕೀಲರೊಬ್ಬರು ಸಿದ್ಧರಿದ್ದರೆ ಮಾತ್ರ ಹೊರಗುಳಿಯುವ ಆಲೋಚನೆ ಸರಿ. ಅದಕ್ಕೆ ಸಹಿ ಮಾಡಿದ ಪತ್ರ ಗಡುವಿನೊಳಗೆ ಹೋಗಬೇಕು, ಹೋದ ಮೇಲೆ ಈ ಒಪ್ಪಂದದಿಂದ ಏನೂ ಸಿಗುವುದಿಲ್ಲ. ಮೊತ್ತ ಕಡಿಮೆಯೆಂದೋ ವಕೀಲರ ಶುಲ್ಕ ಹೆಚ್ಚೆಂದೋ ಅನಿಸಿದರೆ ಒಳಗಿದ್ದುಕೊಂಡೇ ನ್ಯಾಯಾಧೀಶರಿಗೆ ಆಕ್ಷೇಪಣೆ ಬರೆಯಬಹುದು. ಆಕ್ಷೇಪಿಸಿದವರೂ ಅರ್ಜಿ ಹಾಕಬಹುದು, ಹಾಕಲೂಬೇಕು.

ಹೆಜ್ಜೆ 7: ಅರ್ಜಿಯ ನಂತರದ ಕಾಯುವಿಕೆ

ಅರ್ಜಿ ಹಾಕಿ ಮರೆತುಬಿಡುವುದು ಇನ್ನೊಂದು ದೊಡ್ಡ ತಪ್ಪು. ನ್ಯೂನತೆಯ ಪತ್ರಕ್ಕೆ ಉತ್ತರಿಸಲು ಕೆಲವೇ ವಾರಗಳ ಅವಕಾಶವಿರುತ್ತದೆ, ಅದು ಇಮೇಲಿನಲ್ಲೇ ಬಂದು ಸ್ಪ್ಯಾಮಿನಲ್ಲಿ ಬಿದ್ದಿರಬಹುದು. ಇಕ್ವಿಫ್ಯಾಕ್ಸ್ ಪ್ರಕರಣದಲ್ಲಿ ನಗದು ಆಯ್ದುಕೊಂಡವರಿಗೆ 2019ರ ಸೆಪ್ಟೆಂಬರಿನಲ್ಲಿ ಒಂದು ಇಮೇಲ್ ಹೋಯಿತು. ನಿಮಗೆ ಈಗಾಗಲೇ ಇರುವ ನಿಗಾ ಸೇವೆಯ ಹೆಸರನ್ನು ಅಕ್ಟೋಬರ್ 15ರೊಳಗೆ ತಿಳಿಸಿ, ಇಲ್ಲವಾದರೆ ನಗದಿನ ಕೋರಿಕೆ ತಿರಸ್ಕೃತವಾಗುತ್ತದೆ ಎಂಬುದು ಅದರ ಒಕ್ಕಣೆ. ಅದನ್ನು ನೋಡದವರ ಅರ್ಜಿ ಮೊದಲು ಸರಿಯಾಗಿಯೇ ಸಲ್ಲಿಕೆಯಾಗಿದ್ದರೂ ಉಪಯೋಗವಾಗಲಿಲ್ಲ. ನಿರ್ವಾಹಕ ಸಂಸ್ಥೆಯ ಇಮೇಲ್ ವಿಳಾಸವನ್ನು ನಿಮ್ಮ ಸಂಪರ್ಕ ಪಟ್ಟಿಗೆ ಸೇರಿಸಿಡಿ. ವಿಳಾಸ ಬದಲಾದರೆ ದೃಢೀಕರಣ ಸಂಖ್ಯೆಯೊಂದಿಗೆ ಬರೆದು ತಿಳಿಸಿ. ಕೋರಿಕೆಯನ್ನು ಪೂರ್ತಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಮರುಪರಿಶೀಲನೆಗೆ ದಾರಿ ಇದೆಯೇ ಎಂಬುದು ಒಪ್ಪಂದದ ವಿವಾದ ಇತ್ಯರ್ಥದ ವಿಭಾಗದಲ್ಲಿರುತ್ತದೆ. ವರ್ಗದ ಪರವಾದ ವಕೀಲರ ಹೆಸರು ನೋಟಿಸಿನಲ್ಲಿರುತ್ತದೆ, ಅವರನ್ನು ಸಂಪರ್ಕಿಸಲು ನಿಮಗೆ ಹಕ್ಕಿದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಎಷ್ಟು ಕಾಲ ಕಾಯಬೇಕು ಎಂಬುದಕ್ಕೆ ಅದೇ ಪ್ರಕರಣ ಉದಾಹರಣೆ. 2020ರ ಜನವರಿಯಲ್ಲಿ ಅಂತಿಮ ಒಪ್ಪಿಗೆ ಸಿಕ್ಕಿತು, ಕೆಲವರು ಮೇಲ್ಮನವಿ ಹೋದರು, ಒಪ್ಪಂದ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ, ಹಣ ಹಂಚಿಕೆ ಆರಂಭವಾದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಮೇಲ್ಮನವಿ ಇಲ್ಲದ ಸಣ್ಣ ಪ್ರಕರಣಗಳಲ್ಲಿ ಕೆಲವು ತಿಂಗಳು ಸಾಕಾಗುತ್ತವೆ.

ಗಡುವು ದಾಟಿಹೋಗಿದ್ದರೆ

ಆಗಲೂ ಒಮ್ಮೆ ವಿಚಾರಿಸಿ. ತಡವಾದ ಅರ್ಜಿಯನ್ನು ಪರಿಗಣಿಸುವ ವಿವೇಚನೆ ಕೆಲವು ಒಪ್ಪಂದಗಳಲ್ಲಿದೆ, ಕೆಲವು ಪ್ರಕರಣಗಳಲ್ಲಿ ಗಡುವೇ ವಿಸ್ತರಣೆಯಾಗುತ್ತದೆ. ಇಕ್ವಿಫ್ಯಾಕ್ಸ್ ಒಪ್ಪಂದದ ಮೊದಲ ಗಡುವು 2020ರ ಜನವರಿ 22 ಆಗಿದ್ದರೂ, ಆಮೇಲೆ ನಡೆದ ಗುರುತಿನ ಕಳವಿನ ನಷ್ಟಕ್ಕೆ 2024ರ ಜನವರಿ 22ರವರೆಗೆ ಅರ್ಜಿ ಹಾಕುವ ಎರಡನೆಯ ಅವಧಿ ಇತ್ತು. ಇಂಥ ಎರಡನೆಯ ಅವಧಿ ಇದೆಯೆಂದು ಗೊತ್ತಿಲ್ಲದೆ ಹೋದವರು ಬಹಳ.

ಹೆಜ್ಜೆ 8: ಹಣ ಬಂದಾಗ

ಚೆಕ್ಕಿನ ಮೇಲೆ ಅದು ಎಷ್ಟು ದಿನ ಚಾಲ್ತಿಯಲ್ಲಿರುತ್ತದೆಂದು ಅಚ್ಚಾಗಿರುತ್ತದೆ, 90 ದಿನ ಎಂಬುದು ಸಾಮಾನ್ಯ. ಬಂದ ವಾರದಲ್ಲೇ ಖಾತೆಗೆ ಹಾಕಿ. ಅವಧಿ ಮುಗಿದಿದ್ದರೆ ಮರುಮುದ್ರಣ ಕೋರಿ ಪತ್ರ ಬರೆಯಬಹುದು, ಅದಕ್ಕೂ ಮಿತಿಯಿದೆ. ಪ್ರೀಪೇಯ್ಡ್ ಕಾರ್ಡನ್ನು ಇಮೇಲಿನ ಮೂಲಕ ಕಳಿಸಿದಾಗ ಅದೇ ವಂಚನೆಯ ಸಂದೇಶದಂತೆ ಕಾಣುವುದರಿಂದ, ಕಳಿಸುವ ಸಂಸ್ಥೆಯ ಹೆಸರನ್ನು ರಾಜಿ ಒಪ್ಪಂದದ ಜಾಲತಾಣದಲ್ಲಿ ಮೊದಲು ತಾಳೆ ನೋಡಿ.

ತೆರಿಗೆಯ ವಿಷಯದಲ್ಲಿ, ನಿಮ್ಮ ಕೈಯಿಂದ ಹೋದ ಹಣದ ಮರುಪಾವತಿ ಸಾಮಾನ್ಯವಾಗಿ ಆದಾಯವಲ್ಲ. ಸೋರಿಕೆಗೊಳಗಾದವರಿಗೆ ಕೊಡುವ ಉಚಿತ ನಿಗಾ ಸೇವೆಯ ಮೌಲ್ಯವನ್ನು ಆದಾಯವೆಂದು ಪರಿಗಣಿಸುವುದಿಲ್ಲವೆಂದು ತೆರಿಗೆ ಇಲಾಖೆ 2015ರಲ್ಲೇ ಪ್ರಕಟಿಸಿದೆ. ನಗದು ಮೊತ್ತ ದೊಡ್ಡದಾಗಿದ್ದು 1099 ನಮೂನೆ (ಪಾವತಿಯನ್ನು ತೆರಿಗೆ ಇಲಾಖೆಗೆ ತಿಳಿಸುವ ಕಾಗದ) ಬಂದರೆ ಮಾತ್ರ ಅದನ್ನು ಬದಿಗಿಡದೆ ನಿಮ್ಮ ತೆರಿಗೆ ಲೆಕ್ಕಿಗರಿಗೆ ತೋರಿಸಿ.

ಮೊದಲ ಹಂಚಿಕೆಯಲ್ಲಿ ನಗದಾಗದೆ ಉಳಿದ ಚೆಕ್ಕುಗಳ ಹಣವನ್ನು, ಮೊತ್ತ ಸಾಕಷ್ಟಿದ್ದರೆ, ಚೆಕ್ಕು ನಗದಾಗಿಸಿದವರಿಗೇ ಎರಡನೆಯ ಬಾರಿ ಹಂಚಬೇಕೆಂದು ಅನೇಕ ಒಪ್ಪಂದಗಳು ಹೇಳುತ್ತವೆ. ಹಾಗಾಗಿ ಮೊದಲ ಚೆಕ್ಕು ಬಂದಾಕ್ಷಣ ಕಡತ ಮುಚ್ಚದೆ, ಮನೆ ಬದಲಿಸಿದರೆ ಆಗಲೂ ನಿರ್ವಾಹಕ ಸಂಸ್ಥೆಗೆ ಹೊಸ ವಿಳಾಸ ಕಳಿಸಿ, ಒಪ್ಪಂದದ ಜಾಲತಾಣದಲ್ಲಿ ಹಂಚಿಕೆ ಪೂರ್ಣವಾಯಿತೆಂಬ ಪ್ರಕಟಣೆ ಬರುವವರೆಗೆ ದೃಢೀಕರಣ ಸಂಖ್ಯೆಯನ್ನು ಇಟ್ಟುಕೊಂಡಿರಿ.